ಜವಾಬು ಕೇಳುವ ಕೆಲಸ

ಮೊದಲು ಒಂದು ಸಣ್ಣ ಪರೀಕ್ಷೆ. ನಿಮ್ಮ ಮನೆ ಯಾವ ವಾರ್ಡಿಗೆ ಸೇರುತ್ತದೆ ಅಂತ ಗೊತ್ತಿರುವವರು ಕೈ ಎತ್ತಿ. ಆರು, ಏಳು. ಹಿಂದೆ ಕೂತಿರುವ ಅಮ್ಮ ಅರ್ಧ ಎತ್ತಿದ್ದಾರೆ. ಇರಲಿ, ಏಳೂವರೆ.

ಬೈಯುವುದಕ್ಕೆ ಕೇಳಲಿಲ್ಲ. ತಪ್ಪು ಪೂರ್ತಿ ನಿಮ್ಮದಲ್ಲ. 2015ರಲ್ಲಿ ಬೆಂಗಳೂರಿನ ಪಾಲಿಕೆ ಬಿಬಿಎಂಪಿಗೆ ಚುನಾವಣೆ ಆದಾಗ ಈ ಊರಿನಲ್ಲಿ 198 ವಾರ್ಡ್ ಇದ್ದವು. ಆಮೇಲೆ 243 ಮಾಡಿದರು. ಅದನ್ನು ಬಿಟ್ಟು 225 ಮಾಡಿದರು. ಆ ಎರಡೂ ಲೆಕ್ಕದಲ್ಲಿ ಒಂದು ಚುನಾವಣೆಯೂ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ನಗರ ಪಾಲಿಕೆ ಬಂದವು, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದೂ ಸೇರಿ 369 ವಾರ್ಡ್. ನೀವು ಮನೆ ಬದಲಿಸಲೇ ಇಲ್ಲ, ವಾರ್ಡ್ ಮಾತ್ರ ನಿಮ್ಮ ಕಾಲಡಿಯಲ್ಲಿ ಜರುಗುತ್ತಾ ಹೋಯಿತು.

ಪ್ರಜಾಪ್ರಭುತ್ವದ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದೀರಿ. ಇಂಥ ಭಾಷಣವನ್ನು ಅನುಭವ ಮಂಟಪದಿಂದ ಶುರು ಮಾಡುವುದು ನಮ್ಮಲ್ಲಿ ವಾಡಿಕೆ. ಗೌರವ ಇದೆ, ಆದರೆ ಅದನ್ನು ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ. ನಾನು ಮೂವತ್ತು ವರ್ಷ ಬ್ಯಾಂಕಿನ ಕೌಂಟರ್ ಹಿಂದೆ ಕೂತವನು. ನನಗೆ ಗೊತ್ತಿರುವುದು ಲೆಕ್ಕ. ಅದರಿಂದಲೇ ಶುರು ಮಾಡುತ್ತೇನೆ.

ಪಾಸ್‌ಬುಕ್ಕಿನಲ್ಲಿ ಎಸ್‌ಎಂಎಸ್ ಚಾರ್ಜ್ ಅಂತ 17 ರೂಪಾಯಿ ಕಟ್ ಆಗಿರುತ್ತದೆ ನೋಡಿ. ಅದಕ್ಕೆ ಜನ ಆಟೋ ಮಾಡಿಕೊಂಡು ಬಂದು ಜಗಳ ಆಡಿದ್ದನ್ನು ನಾನು ನೋಡಿದ್ದೇನೆ. ಆಟೋಗೇ 60 ರೂಪಾಯಿ! ಅವರದು ತಪ್ಪು ಅಂತ ನನಗೆ ಯಾವತ್ತೂ ಅನ್ನಿಸಲಿಲ್ಲ, ಅವರ ದುಡ್ಡು, ಅವರು ಕೇಳಿದರು. ಆದರೆ ಅದೇ ಮನುಷ್ಯ ಏಪ್ರಿಲ್ ತಿಂಗಳಲ್ಲಿ, ಶೇ 5 ರಿಯಾಯಿತಿ ಸಿಗುತ್ತೆ ಅಂತ ಓಡಿ ಹೋಗಿ ಮನೆ ಕಂದಾಯ ಕಟ್ಟುತ್ತಾನೆ, ರಸೀದಿಯನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕುತ್ತಾನೆ, ಮತ್ತೆ ಮುಂದಿನ ಏಪ್ರಿಲ್‌ವರೆಗೆ ಆ ದುಡ್ಡು ಎಲ್ಲಿ ಹೋಯಿತು ಅಂತ ಒಮ್ಮೆಯೂ ಕೇಳುವುದಿಲ್ಲ. ಯಾಕೆ ಹೀಗೆ? ಇವತ್ತು ಹೇಳಬೇಕು ಅಂದುಕೊಂಡಿರುವುದು ಇಷ್ಟೇ.

ಪದದಿಂದ ಸ್ವಲ್ಪ ನೋಡೋಣ. 'ಪ್ರಜೆ' ಅಂದರೆ ಸಂಸ್ಕೃತದಲ್ಲಿ ಮಕ್ಕಳು, ಸಂತಾನ ಅಂತಲೂ ಅರ್ಥ. ರಾಜ ತಂದೆ, ನಾವು ಮಕ್ಕಳು. ಮಕ್ಕಳು ಹಟ ಮಾಡಬಹುದು, ಅಳಬಹುದು. ಅಪ್ಪನ ಹತ್ತಿರ ಲೆಕ್ಕ ಕೇಳುತ್ತಾರಾ? ಆ ಪ್ರಜೆಯನ್ನೂ ಪ್ರಭುವನ್ನೂ ಒಂದೇ ಪದದಲ್ಲಿ ಕಟ್ಟಿ ಪ್ರಜಾಪ್ರಭುತ್ವ ಅಂತ ಹೆಸರಿಟ್ಟೆವು. ಅರ್ಧ ಪದ ನಮಗೆ ಅಭ್ಯಾಸ ಆಗಿದೆ. ಇನ್ನರ್ಧ ಇನ್ನೂ ಬಾಯಿಗೆ ಬಂದಿಲ್ಲ.

ನಮ್ಮ ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ದಿವಾನ್ ರಂಗಾಚಾರ್ಲು ಮಾಡಿದ್ದು. ದೇಶದ ಸಂಸ್ಥಾನಗಳಲ್ಲಿ ಮೊದಲು ನಾವೇ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದ್ದೇ. ಆದರೆ ಅಲ್ಲಿ ನಡೆಯುತ್ತಿದ್ದದ್ದು ಏನು? ದಸರೆಯ ಹೊತ್ತಿಗೆ ತಾಲ್ಲೂಕುಗಳಿಂದ ಜಮೀನ್ದಾರರು, ವ್ಯಾಪಾರಿಗಳು ಮೈಸೂರಿಗೆ ಬರುತ್ತಿದ್ದರು. ದಿವಾನರು ವರ್ಷದ ವರದಿ ಓದುತ್ತಿದ್ದರು. ಬಂದವರು ತಮ್ಮ ತಾಲ್ಲೂಕಿನ ಅಹವಾಲು ಹೇಳಿಕೊಳ್ಳುತ್ತಿದ್ದರು. ಕೆರೆ ಕೋಡಿ ಒಡೆದಿದೆ, ರಸ್ತೆ ಬೇಕು, ಹೀಗೆ. ದಿವಾನರು ಕೇಳಿಸಿಕೊಳ್ಳುತ್ತಿದ್ದರು. ಒಪ್ಪಬೇಕು ಅಂತ ಕಟ್ಟುಪಾಡು ಇರಲಿಲ್ಲ, ಶುರುವಿನಲ್ಲಿ ಸಭೆಗೆ ಮತ ಹಾಕಿ ತೀರ್ಮಾನಿಸುವ ಅಧಿಕಾರವೂ ಇರಲಿಲ್ಲ. ಒಳ್ಳೆಯ ದಿವಾನರಿದ್ದರೆ ಒಳ್ಳೆಯದಾಯಿತು. ಇವತ್ತು ಶಾಸಕರ ಮನೆ ಮುಂದೆ ಬೆಳಿಗ್ಗೆ ಎಂಟು ಗಂಟೆಗೆ ಅರ್ಜಿ ಹಿಡಿದು ನಿಲ್ಲುತ್ತೇವಲ್ಲ, ಅದೂ ಇದೇ ದಸರಾ ಸಭೆ. ದಸರೆ ಇಲ್ಲ ಅಷ್ಟೇ.

ಈಗ 1947ಕ್ಕೆ ಬನ್ನಿ. ಆಗಸ್ಟ್ 15ಕ್ಕೆ ದೇಶಕ್ಕೆಲ್ಲ ಸ್ವಾತಂತ್ರ್ಯ ಬಂತು. ಇದೇ ಬೆಂಗಳೂರಿನ ಜನ ಸೆಪ್ಟೆಂಬರ್‌ನಲ್ಲಿ ಮತ್ತೆ ಬೀದಿಗೆ ಇಳಿದರು, ಜೈಲಿಗೆ ಹೋದರು. ಮೈಸೂರು ಚಲೋ ಚಳವಳಿ. ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ವಿರುದ್ಧ 'ಆರ್ಕಾಟ್ ಬಾಯ್ಕಾಟ್' ಅಂತ ಘೋಷಣೆ. ಸ್ವಾತಂತ್ರ್ಯ ಬಂದಾಯಿತಲ್ಲ, ಇನ್ನೇನು ಬೇಕಿತ್ತು ಅವರಿಗೆ? ಅವರು ಕೇಳಿದ್ದು 'ಜವಾಬ್ದಾರಿ ಸರ್ಕಾರ'. ಈ ಪದವನ್ನು ಸ್ವಲ್ಪ ಬಾಯಲ್ಲಿ ಇಟ್ಟುಕೊಂಡು ನೋಡಿ. ನಾವೀಗ ಜವಾಬ್ದಾರಿ ಅಂದರೆ ಹೊಣೆ, ಮನೆ ಜವಾಬ್ದಾರಿ, ಮಕ್ಕಳ ಜವಾಬ್ದಾರಿ ಅಂತೀವಿ. ಆದರೆ ಪದದ ಒಳಗೆ ಇರುವುದು 'ಜವಾಬು'. ಉತ್ತರ. ಕೇಳಿದರೆ ಉತ್ತರ ಕೊಡಬೇಕಾದ ಸರ್ಕಾರ. ಅಲ್ಲಿಯವರೆಗೆ ದಿವಾನರು ಜವಾಬು ಕೊಡಬೇಕಾಗಿದ್ದದ್ದು ಮಹಾರಾಜರಿಗೆ, ಇನ್ನು ಮೇಲೆ ನಮಗೆ ಕೊಡಬೇಕು ಅಂತ ಜಗಳ. ಅಕ್ಟೋಬರ್ ಕೊನೆಯಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಪ್ರಜಾಪ್ರಭುತ್ವ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಎರಡು ತಿಂಗಳ ಕಥೆ ಹೇಳುತ್ತೇನೆ.

ಇನ್ನೊಂದು ಮಾತು, ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದ ಹಣೆಯ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಬರೆದಿದೆ. ಅವರು ಒಳ್ಳೆಯ ಮನಸ್ಸಿನಿಂದಲೇ ಬರೆಸಿದ್ದಾರೆ, ನೌಕರ ಭಕ್ತಿಯಿಂದ ಕೆಲಸ ಮಾಡಲಿ ಅಂತ. ನನಗೆ ಮಾತ್ರ ಆ ಸಾಲು ಓದಿದಾಗಲೆಲ್ಲ ಒಂದು ತೊಡಕು. ದೇವರ ಹತ್ತಿರ ಹುಂಡಿ ಲೆಕ್ಕ ಯಾರು ಕೇಳುತ್ತಾರೆ? ಕೈ ಮುಗಿದು ಬರುತ್ತೇವೆ. ಪ್ರಸಾದ ಸಿಕ್ಕರೆ ಪುಣ್ಯ.

ಸರಿ, ವೋಟಿನ ವಿಚಾರ. ಬೆಂಗಳೂರಿನವರು ವೋಟ್ ಹಾಕುವುದಿಲ್ಲ, ರಜಾ ಸಿಕ್ಕಿದರೆ ಕೂರ್ಗಿಗೆ ಹೋಗುತ್ತಾರೆ ಅಂತ ಪ್ರತಿ ಸಲ ಟಿವಿಯಲ್ಲಿ ಬೈಯುತ್ತಾರೆ. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ಶೇ 70 ದಾಟಿತ್ತು, ನಗರದ ಮೂರು ಕ್ಷೇತ್ರಗಳಲ್ಲಿ ಶೇ 54ರ ಆಸುಪಾಸು. ನಿಜ. ಆದರೆ ಆ ಬೈಗುಳ ಪೂರ್ತಿ ನ್ಯಾಯವಲ್ಲ. ಇಲ್ಲಿ ಬಾಡಿಗೆಗೆ ಇದ್ದು ಬಿಟ್ಟು ಹೋದವರ ಹೆಸರು ಪಟ್ಟಿಯಲ್ಲಿ ಹಾಗೇ ಉಳಿದಿರುತ್ತದೆ. ಊರಿನಲ್ಲೂ ಇಲ್ಲೂ ಎರಡೂ ಕಡೆ ಹೆಸರಿರುವವರು ಇದ್ದಾರೆ, ಅವರು ಊರಿಗೆ ಬಸ್ಸು ಹತ್ತುತ್ತಾರೆ. ತೀರಿಕೊಂಡವರ ಹೆಸರು ತೆಗೆಸಲು ಫಾರಂ 7 ಕೊಡಬೇಕು, ಮನೆ ಬದಲಿಸಿದರೆ ಫಾರಂ 8. ನನ್ನ ಅಪ್ಪ ತೀರಿಕೊಂಡು ಎರಡು ಚುನಾವಣೆ ಕಳೆದರೂ ನಾನೇ ಫಾರಂ ಕೊಟ್ಟಿರಲಿಲ್ಲ. ಅಂದರೆ ಎರಡು ಸಲ ನಮ್ಮ ಬೂತಿನ ಮತದಾನದ ಪ್ರಮಾಣವನ್ನು ಇಳಿಸಿದವರಲ್ಲಿ ನಮ್ಮಪ್ಪನೂ ಒಬ್ಬರು!

ಪಟ್ಟಿ ಅಂದಾಗ ನೆನಪಾಯಿತು. 1951-52ರ ಮೊದಲ ಚುನಾವಣೆಗೆ 17 ಕೋಟಿಗೂ ಹೆಚ್ಚು ಜನರ ಪಟ್ಟಿ ಮಾಡಬೇಕಿತ್ತು. ಬಹುಪಾಲು ಜನಕ್ಕೆ ಓದು ಬರಹ ಇಲ್ಲ, ಹಾಗಾಗಿ ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಇಟ್ಟರು. ಹೆಸರು ಬರೆಯಲು ಮನೆಗೆ ಹೋದರೆ, ಉತ್ತರದ ರಾಜ್ಯಗಳಲ್ಲಿ ಎಷ್ಟೋ ಹೆಂಗಸರು ತಮ್ಮ ಹೆಸರನ್ನೇ ಹೇಳಲಿಲ್ಲವಂತೆ. ಇಂಥವರ ಹೆಂಡತಿ, ಇಂಥವರ ತಾಯಿ ಅಂತಷ್ಟೇ. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿದ್ದು ಹೋಯಿತು. ಕಠಿಣ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಆದರೆ ಅವರ ಮಾತಿನ ಒಳಗೆ ಒಂದು ಸತ್ಯ ಇತ್ತು: ಇಲ್ಲಿ ನೀನು ಯಾರ ಮಗಳೂ ಅಲ್ಲ, ಹೆಂಡತಿಯೂ ಅಲ್ಲ, ನಿನ್ನ ಹೆಸರು ಹೇಳು.

ವೋಟು ಹಾಕಿದವರ ಬೆರಳಿಗೆ ಹಚ್ಚುವ ಆ ಶಾಯಿ 1962ರಿಂದ ನಮ್ಮ ಮೈಸೂರಿನ ಕಾರ್ಖಾನೆಯಿಂದಲೇ ಹೋಗುತ್ತಿದೆ, ನಾಲ್ವಡಿಯವರ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆ ಅದು. ಕೆಲವು ವಾರದಲ್ಲಿ ಗುರುತು ಹೋಗುತ್ತದೆ. ನಮ್ಮ ನಾಗರಿಕತನವೂ ಅಷ್ಟೇ ದಿನ ಇರುತ್ತದೆ. ಉಳಿದ ನಾಲ್ಕು ವರ್ಷ ಹನ್ನೊಂದು ತಿಂಗಳು ಏನು ಮಾಡಬೇಕು ಅಂತ ಯಾರೂ ಹೇಳಿಕೊಡಲಿಲ್ಲ.

ನಮ್ಮೂರಿನಲ್ಲಂತೂ ಆ ವೋಟೂ ಸಿಗದೆ ಹೋಯಿತಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ಕ್ಕೆ ಜಾರಿಗೆ ಬಂತು. ಪಾಲಿಕೆಯ ಅವಧಿ ಐದು ವರ್ಷ, ಮುಗಿಯುವ ಮೊದಲೇ ಚುನಾವಣೆ ನಡೆಸಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಆದರೂ 2006ರ ಕೊನೆಯಿಂದ 2010ರವರೆಗೆ ಇಲ್ಲಿ ಕಾರ್ಪೊರೇಟರ್‌ಗಳೇ ಇರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಮತ್ತೆ ಅವಧಿ ಮುಗಿಯಿತು. ಆಮೇಲೆ ಐದು ವರ್ಷ, ಅಂದರೆ ಪೂರ್ತಿ ಒಂದು ಅವಧಿ, ಆಡಳಿತಾಧಿಕಾರಿಗಳೇ ನಡೆಸಿದರು. 2025-26ಕ್ಕೆ ಪಾಲಿಕೆಯ ಬಜೆಟ್ 19,900 ಕೋಟಿ ರೂಪಾಯಿ ದಾಟಿತು. ಅದನ್ನು ಮಂಡಿಸುವಾಗ ನಾವು ಆರಿಸಿದ ಒಬ್ಬ ಕಾರ್ಪೊರೇಟರ್ ಕೂಡ ಆ ಹಾಲ್‌ನಲ್ಲಿ ಇರಲಿಲ್ಲ. ಅಧಿಕಾರಿಗಳು ಓದಿದರು, ಅಧಿಕಾರಿಗಳು ಒಪ್ಪಿದರು. ನಾವು ಮನೆಯಲ್ಲಿ ಕೂತು ಗುಂಡಿಯ ಫೋಟೋ ವಾಟ್ಸಾಪಿನಲ್ಲಿ ಕಳಿಸಿಕೊಂಡೆವು.

ಇಲ್ಲಿ ಯಾರೋ ನಗುತ್ತಿದ್ದೀರಿ, ಕಾರ್ಪೊರೇಟರ್ ಇದ್ದಾಗ ಏನು ಕಡಿದು ಕಟ್ಟೆ ಹಾಕಿದರು ಅಂತ. ಕೇಳುವ ಮಾತೇ. ಆದರೆ ಒಂದು ವ್ಯತ್ಯಾಸ ಇದೆ. ಕಾರ್ಪೊರೇಟರ್ ಎಷ್ಟೇ ಕೆಟ್ಟವನಾಗಿರಲಿ, ಅವನ ಮನೆ ನಮಗೆ ಗೊತ್ತಿರುತ್ತದೆ. ಗಣೇಶನ ಹಬ್ಬಕ್ಕೆ ಬಂದೇ ಬರುತ್ತಾನೆ. ಎದುರಿಗೆ ಸಿಕ್ಕಾಗ ಮೋರಿ ಯಾಕೆ ಮುಗಿದಿಲ್ಲ ಅಂತ ಕೇಳಬಹುದು. ವರ್ಗಾವಣೆ ಆಗಿ ಹೋದ ಅಧಿಕಾರಿಯನ್ನು ಎಲ್ಲಿ ಹುಡುಕುತ್ತೀರಿ?

ಹಳ್ಳಿಯವರು ಈ ವಿಷಯದಲ್ಲಿ ನಮಗಿಂತ ಮುಂದೆ ಇದ್ದಾರೆ, ಹೇಳಿದರೆ ನಗರದವರಿಗೆ ಕೋಪ ಬರುತ್ತದೆ. ದೇಶಕ್ಕೆಲ್ಲ ಪಂಚಾಯಿತಿ ತಿದ್ದುಪಡಿ ಬರುವ ಮುಂಚೆಯೇ ಆಗಿನ ಸಚಿವ ಅಬ್ದುಲ್ ನಜೀರ್ ಸಾಬರು ಇಲ್ಲಿ ಕಾನೂನು ತಂದಿದ್ದರು. 1987ರಲ್ಲಿ ಆ ಕಾನೂನಿನ ಪ್ರಕಾರ ಚುನಾವಣೆ ಆಯಿತು, ನಾಲ್ಕನೇ ಒಂದು ಭಾಗ ಸ್ಥಾನ ಹೆಂಗಸರಿಗೆ. ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂತ ನೆನೆಯುತ್ತಾರೆ, ನನಗೆ ಅದಕ್ಕಿಂತ ದೊಡ್ಡದು ಅನ್ನಿಸುವುದು ಈ ಕೆಲಸ. ಇವತ್ತು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮಸಭೆ ಇದೆ, ವರ್ಷಕ್ಕೊಮ್ಮೆ ಜಮಾಬಂದಿ ಇದೆ. ಜಮಾಬಂದಿ ಅಂದರೆ ಪಂಚಾಯಿತಿಯ ಪುಸ್ತಕ ತೆಗೆದು ಜನರ ಎದುರಿಗೆ ಲೆಕ್ಕ ಓದುವುದು, ಬರೆದ ಕಾಮಗಾರಿ ನಿಜವಾಗಿ ಆಗಿದೆಯೋ ಇಲ್ಲವೋ ನೋಡುವುದು. ಎಲ್ಲ ಕಡೆ ಚೆನ್ನಾಗಿ ನಡೆಯುತ್ತದೆ ಅಂತಲ್ಲ. ಎಷ್ಟೋ ಕಡೆ ಸಹಿ ಹಾಕಿಸಿಕೊಂಡು, ಟೀ ಕುಡಿಸಿ ಕಳಿಸುತ್ತಾರೆ. ಆದರೆ ನಮ್ಮೂರಿನ ಕಡೆ ನಾನೇ ಕೂತು ನೋಡಿದ ಒಂದು ಸಭೆಯಲ್ಲಿ, ಎಮ್ಮೆ ಕಟ್ಟಿ ಬಂದಿದ್ದ ಒಬ್ಬ ಹೆಂಗಸು, 'ಆ ಚರಂಡಿ ಲೆಕ್ಕ ಇನ್ನೊಂದ್ ಸಲ ಓದ್ರಿ' ಅಂದಳು. ಓದಿದರು. ಮೂರನೇ ಸಲವೂ ಓದಿಸಿದಳು. ಬೆಂಗಳೂರಿನಲ್ಲಿ ಇದಕ್ಕೆ ಹತ್ತಿರದ್ದು ವಾರ್ಡ್ ಕಮಿಟಿ. ಕಾರ್ಪೊರೇಟರ್ ಇದ್ದ ಕೊನೆಯ ವರ್ಷಗಳಲ್ಲಿ ಕೆಲವು ವಾರ್ಡುಗಳಲ್ಲಿ ಅದು ಸುಮಾರಾಗಿ ನಡೆಯುತ್ತಿತ್ತು. ಶನಿವಾರ ಬೆಳಿಗ್ಗೆ ಸಭೆ. ಗಾರ್ಮೆಂಟ್ಸ್ ಹೆಂಗಸರಿಗೆ, ಪೌರಕಾರ್ಮಿಕರಿಗೆ, ಮನೆಗೆಲಸದವರಿಗೆ ಆ ಹೊತ್ತಿಗೆ ಬರಲು ಆಗುತ್ತದಾ? ಬರುತ್ತಿದ್ದವರು ನನ್ನಂಥ ರಿಟೈರ್ಡ್ ಜನ. ನಾವು ಪಾರ್ಕಿನ ಬಗ್ಗೆ ಜಾಸ್ತಿ ಮಾತಾಡುತ್ತಿದ್ದೆವು.

ನಮ್ಮ ರಸ್ತೆಯದೇ ಒಂದು ಕಥೆ. ಕಚೇರಿ ಯಾವುದು, ಅಧಿಕಾರಿ ಯಾರು ಅಂತ ಹೇಳುವುದಿಲ್ಲ. ಮೋರಿ ಕೆಲಸ ನಡೆಯುತ್ತಿತ್ತು. ಮೂಲೆಯಲ್ಲಿ ಹೂವು ಮಾರುವ ಅಜ್ಜಿ ಒಬ್ಬರಿದ್ದಾರೆ. ಅವರು ಕಂಟ್ರ್ಯಾಕ್ಟರ್ ಕಡೆಯ ಹುಡುಗನನ್ನು ಕೇಳಿದರು, 'ಇದಕ್ಕೆ ಎಷ್ಟಪ್ಪಾ ಆಯ್ತು?' ಅವನು, 'ನಿಮಗ್ಯಾಕಜ್ಜಿ' ಅಂದ. ಅಜ್ಜಿ ಸುಮ್ಮನಾದರು. ನಾನು ಅಲ್ಲೇ ಹಾಲು ತಗೊಂಡು ನಿಂತಿದ್ದೆ. ಇಷ್ಟು ವರ್ಷ ಬ್ಯಾಂಕಿನಲ್ಲಿ ಇದ್ದು, ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲವಲ್ಲ ಅಂತ ನಾಚಿಕೆ ಆಯಿತು.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಇದು ಒಂಥರಾ ಒಳ್ಳೆಯದೇ, ನಮ್ಮ ಜನ ಪ್ರಶ್ನೆ ಕೇಳಲು ಹೋಗಿ ಪುರಾಣ ಬರೆಯುತ್ತಾರೆ. ನಾನು ಕೇಳಿದ್ದು ಎಸ್ಟಿಮೇಟ್, ವರ್ಕ್ ಆರ್ಡರ್, ಬಿಲ್ಲು. 30 ದಿನದ ಒಳಗೆ ಕೊಡಬೇಕು. ಕೊಡಲಿಲ್ಲ. ಮೇಲ್ಮನವಿ ಹಾಕಿದ ಮೇಲೆ ಬಂತು, ಅದೂ ಅರ್ಧ ಓದಲಾಗದ ಜೆರಾಕ್ಸ್. ಅದರಲ್ಲಿ ಮೋರಿಯ ಉದ್ದ ಬರೆದಿತ್ತು. ಎದುರು ಮನೆಯ ಟೈಲರ್ ಟೇಪು ತಂದರು. ಟೈಲರ್ ಟೇಪಿನಲ್ಲಿ ಮೋರಿ ಅಳೆಯುವುದು ಅಂದರೆ, ಅದನ್ನು ನೀವು ನೋಡಬೇಕಿತ್ತು. ಬಗ್ಗಿ ಬಗ್ಗಿ, ಸುಣ್ಣದಲ್ಲಿ ಗುರುತು ಹಾಕಿಕೊಂಡು, ಮಕ್ಕಳು ಹಿಂದೆ. ಕೊನೆಗೆ ಕಾಗದದಲ್ಲಿ ಇದ್ದುದಕ್ಕಿಂತ ನೆಲದ ಮೇಲೆ ಇದ್ದದ್ದು ಎರಡು ಮನೆಯಷ್ಟು ಕಡಿಮೆ. ಹನ್ನೊಂದು ಜನ ಸಹಿ ಹಾಕಿ ಕೊಟ್ಟೆವು. ಐದು ತಿಂಗಳ ಮೇಲೆ ಉಳಿದದ್ದನ್ನೂ ಕಟ್ಟಿದರು. ನಮ್ಮ ಕಾಗದದಿಂದಲೇ ಕಟ್ಟಿದರೋ, ಹೇಗಿದ್ದರೂ ಕಟ್ಟುತ್ತಿದ್ದರೋ, ದೇವರಾಣೆಗೂ ನನಗೆ ತಿಳಿಯದು. ಅಜ್ಜಿಗೆ ಮಾತ್ರ ಎಷ್ಟಾಯ್ತು ಅಂತ ಹೇಳಿದೆ. 'ಅಷ್ಟೊಂದಾ?' ಅಂದು ಹೂವು ಕಟ್ಟುವುದನ್ನು ನಿಲ್ಲಿಸಿದರು.

ಸಕಾಲ ಅಂತ ಒಂದು ಕಾನೂನು ಇದೆ, 2011ರದು. ಜಾತಿ ಪತ್ರ, ಆದಾಯ ಪತ್ರ, ಇಂಥದ್ದಕ್ಕೆಲ್ಲ ಇಷ್ಟು ದಿನ ಅಂತ ಗಡುವು. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಇಲ್ಲಿ ಯಾರಾದರೂ ಆ 20 ರೂಪಾಯಿ ಕೇಳಿದ್ದೀರಾ? ಒಬ್ಬರೂ ಇಲ್ಲ. ನಾನೂ ಕೇಳಿಲ್ಲ, ಒಂದು ಪತ್ರ ಒಂಬತ್ತು ದಿನ ತಡವಾಗಿ ಬಂದಾಗ 'ಥ್ಯಾಂಕ್ಸ್ ಸಾರ್' ಅಂದು ಬಂದೆ. 17 ರೂಪಾಯಿ ಎಸ್‌ಎಂಎಸ್ ಚಾರ್ಜಿಗೆ ಜಗಳ ಆಡುವ ಊರು ಇದು, ನೆನಪಿಡಿ.

ಇನ್ನು ಬೀದಿಗೆ ಇಳಿಯುವ ವಿಚಾರ. 2016 ಈ ಊರಿಗೆ ವಿಶೇಷ ವರ್ಷ. ಅಕ್ಟೋಬರ್‌ನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸ್ಟೀಲ್ ಫ್ಲೈಓವರ್ ಬೇಡ ಅಂತ ಸಾವಿರಾರು ಜನ ಮಾನವ ಸರಪಳಿ ಕಟ್ಟಿದರು. ಮುಂದಿನ ವರ್ಷ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಅದು ಎಲ್ಲರಿಗೂ ನೆನಪಿದೆ. ಅದೇ 2016ರ ಏಪ್ರಿಲ್‌ನಲ್ಲಿ ನಡೆದದ್ದು ಎಷ್ಟು ಜನಕ್ಕೆ ನೆನಪಿದೆ? ಪಿಎಫ್‌ನಲ್ಲಿ ಮಾಲೀಕರು ಹಾಕಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಿಎಫ್ ಅಂದರೆ ಮುಪ್ಪಿನ ದುಡ್ಡಲ್ಲ. ಮಗಳ ಮದುವೆ, ಮಗನ ಫೀಸು, ಕೈಸಾಲ. ಕೆಲಸ ಬಿಟ್ಟಾಗ ಕೈಗೆ ಬರುವ ಒಂದೇ ದೊಡ್ಡ ಗಂಟು. ಏಪ್ರಿಲ್ 18ರ ಬೆಳಿಗ್ಗೆ ಬೊಮ್ಮನಹಳ್ಳಿ ಕಡೆ ಹೊಸೂರು ರಸ್ತೆಗೆ ಅವರು ಬಂದು ಕೂತರು. ಯಾವ ದೊಡ್ಡ ನಾಯಕರೂ ಕರೆ ಕೊಟ್ಟಿರಲಿಲ್ಲ. ಮಾರನೇ ದಿನ ಊರಿನ ಬೇರೆ ಭಾಗಕ್ಕೂ ಹಬ್ಬಿತು. ಕಲ್ಲು ತೂರಾಟ ಆಯಿತು, ಬಸ್ಸು ಸುಟ್ಟರು, ಲಾಠಿ ಬಿತ್ತು. ಅದನ್ನು ನಾನು ಸರಿ ಅನ್ನುವುದಿಲ್ಲ. ಆದರೆ 19ನೇ ತಾರೀಕು ದೆಹಲಿ ಆ ನಿಯಮ ವಾಪಸ್ ತಗೊಂಡಿತು. ಎರಡು ದಿನ! ದೇಶದ ಎಲ್ಲ ನೌಕರರ ಪಿಎಫ್ ಉಳಿಯಿತು. ಐಟಿ ಕಂಪನಿಯ ಎಷ್ಟೋ ಜನ ಆ ದಿನ ಟ್ರಾಫಿಕ್ ಜಾಮ್ ಅಂತ ಬೈದುಕೊಂಡು ಕಾರಿನಲ್ಲಿ ಕೂತಿದ್ದರು, ಅವರದೂ ಸೇರಿ ಉಳಿಯಿತು.

ಈಗ ಪ್ರತಿಭಟನೆ ಮಾಡಬೇಕು ಅಂದರೆ ಫ್ರೀಡಂ ಪಾರ್ಕಿಗೆ ಹೋಗಿ ಅನ್ನುತ್ತಾರೆ. ಟೌನ್ ಹಾಲ್ ಮೆಟ್ಟಿಲ ಮೇಲೆ ನಿಲ್ಲುವ ಕಾಲ ಹೋಯಿತು. ಫ್ರೀಡಂ ಪಾರ್ಕ್ ಮೊದಲು ಸೆಂಟ್ರಲ್ ಜೈಲು. 1975ರ ಜೂನ್‌ನಲ್ಲಿ ಸಂಸದೀಯ ಸಮಿತಿ ಸಭೆಗೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಅವರನ್ನು ತುರ್ತು ಪರಿಸ್ಥಿತಿ ಬಂದ ಕೂಡಲೇ ಹಿಡಿದು ಅಲ್ಲೇ ಇಟ್ಟರು. ನಟಿ ಸ್ನೇಹಲತಾ ರೆಡ್ಡಿ ಅಲ್ಲೇ ತಿಂಗಳುಗಟ್ಟಲೆ ಆಸ್ತಮಾದಲ್ಲಿ ನರಳಿದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಕ್ಕೆ ತೀರಿಕೊಂಡರು. ಜವಾಬು ಕೇಳಿದವರನ್ನು ಕೂಡಿ ಹಾಕುತ್ತಿದ್ದ ಗೋಡೆಯ ಒಳಗೇ ಹೋಗಿ ಈಗ ನಾವು ಜವಾಬು ಕೇಳಬೇಕು. ಟ್ರಾಫಿಕ್‌ಗೆ ತೊಂದರೆ ಆಗಬಾರದು ಅಂತ. ಟ್ರಾಫಿಕ್ ತೊಂದರೆ ಸುಳ್ಳಲ್ಲ, ಆಂಬುಲೆನ್ಸ್ ನಿಲ್ಲುತ್ತದೆ. ಆದರೂ ಯಾರ ಕಣ್ಣಿಗೂ ಬೀಳದ ಹಾಗೆ, ಯಾರ ಕಿವಿಗೂ ಕೇಳದ ಹಾಗೆ ಪ್ರತಿಭಟನೆ ಮಾಡಿ ಅನ್ನುವುದು ನನಗೆ ಇನ್ನೂ ಅರಗಿಲ್ಲ.

ಕೊನೆಯಲ್ಲಿ ಪ್ರಶ್ನೆಗಳಿಗೆ ಬಿಡೋಣ ಅಂದೆ, ಈ ಹುಡುಗ ಆಗಲೇ ಕೇಳಿಬಿಟ್ಟರು: 'ಸಾರ್, ಕೇಳಿದವರಿಗೆ ತೊಂದರೆ ಕೊಡ್ತಾರಲ್ಲ?' ಕೊಡುತ್ತಾರೆ. ಸುಳ್ಳು ಹೇಳುವುದಿಲ್ಲ. ಅದಕ್ಕೇ ಒಬ್ಬರೇ ಹೋಗಬೇಡಿ. ನನ್ನ ಅರ್ಜಿಗೆ ಒಬ್ಬನ ಹೆಸರಿದ್ದಾಗ ಮನೆಗೆ ಇಬ್ಬರು ಬಂದು, 'ಯಾಕೆ ಸಾರ್ ಇದೆಲ್ಲ, ವಯಸ್ಸಾಗಿದೆ' ಅಂದು ಹೋದರು. ಹನ್ನೊಂದು ಸಹಿ ಬಿದ್ದ ಮೇಲೆ ಯಾರೂ ಬರಲಿಲ್ಲ. ಹನ್ನೊಂದರಲ್ಲಿ ಒಂದು ಹೆಬ್ಬೆಟ್ಟು. ಹೂವಿನ ಅಜ್ಜಿಯದು, ನಮ್ಮ ರಸ್ತೆಯಲ್ಲಿ ಅವರಿಗೆ ಮನೆಯೇ ಇಲ್ಲ, ಆದರೂ ಹಾಕಿದರು.

ಟೈಮ್ ಆಯಿತು ಅಂತ ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಹೊರಗೆ ಹೋಗುವಾಗ ಗೇಟಿನ ಎಡಗಡೆ ಹುಷಾರು, ಪೈಪಿಗೆ ಅಂತ ಅಗೆದು ಬಿಟ್ಟಿದ್ದಾರೆ, ಲೈಟೂ ಇಲ್ಲ. ಎಷ್ಟು ಹಣ, ಯಾರ ಕಂಟ್ರ್ಯಾಕ್ಟು, ಯಾವಾಗ ಮುಗಿಯುತ್ತೆ ಅಂತ ಬೋರ್ಡ್ ಹಾಕಿದ್ದಾರಾ ಅಂತ ಬರುವಾಗ ಸುತ್ತ ನೋಡಿದೆ. ನನಗಂತೂ ಕಾಣಿಸಲಿಲ್ಲ. ಮೊಬೈಲ್ ಟಾರ್ಚ್ ಇರುವವರು ಇನ್ನೊಂದು ಸಲ ನೋಡಿ.